ಹೊಸಬರಿಗೆ ಧೈರ್ಯ ಹೇಳಿ

ಎಲ್ಲರಿಗೂ ನಮಸ್ಕಾರ. ಕುಡಿತ ಬಿಡಬೇಕು ಅಂತ ಹೊರಟ ಕೆಲವರು ಈಚೆಗೆ ನಮ್ಮ ಗುಂಪಿಗೆ ಸೇರಿದ್ದಾರೆ. ಹಳಬರು ದಯವಿಟ್ಟು ಅವರನ್ನು ಮಾತಾಡಿಸಿ. ಇದರಿಂದ ಒಳ್ಳೆಯದಾಗುವುದು ಅವರಿಗಷ್ಟೇ ಅಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದ ಬಿಲ್ ವಿಲ್ಸನ್ ಅವರ ವ್ಯವಹಾರ ಕೈಕೊಟ್ಟಿತ್ತು. ಹೋಟೆಲಿನಲ್ಲಿ ಒಬ್ಬರೇ ಇದ್ದರು, ಅಲ್ಲೇ ಬಾರ್. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಅವರು ಫೋನ್ ಹಿಡಿದು, ತಮ್ಮ ಹಾಗೇ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು ಈ ಭೇಟಿಯಿಂದಲೇ. ಅದಕ್ಕೂ ಮೊದಲು ಬಿಲ್ ಎಷ್ಟೋ ಜನರಿಗೆ ಧೈರ್ಯ ಹೇಳಿದ್ದರು, ಯಾರೂ ಕುಡಿತ ಬಿಟ್ಟಿರಲಿಲ್ಲ. ಆದರೆ ಹೇಳುತ್ತಿದ್ದ ಬಿಲ್ ಮತ್ತೆ ಕುಡಿದಿರಲಿಲ್ಲ! ನನಗೆ ತುಂಬ ಹಿಡಿಸಿದ್ದು ಇದೇ.

ಹಾಗಾಗಿ ಸುಮ್ನೆ ಹೆಬ್ಬೆರಳಿನ ಚಿತ್ರ ಒತ್ತಿ ಬಿಡಬೇಡಿ. "ಸಂಜೆ ಏಳಾದರೆ ಆಸೆ ಜಾಸ್ತಿ ಆಗುತ್ತೆ" ಅಂತ ಯಾರಾದರೂ ಬರೆದರೆ, ಆ ಹೊತ್ತಿಗೇ ಫೋನ್ ಮಾಡಿ. ಆ ಸಂಜೆಗಳನ್ನು ನೀವು ಹೇಗೆ ಕಳೆದಿರಿ ಹೇಳಿ. ಬುದ್ಧಿವಾದ ಬೇಡ, ಮನೆಯಲ್ಲಿ ಸಾಕಷ್ಟು ಕೇಳಿರುತ್ತಾರೆ ಅಲ್ವಾ.

ಕುಡಿತ ನಿಲ್ಲಿಸಿದ ಮೇಲೆ ಯಾರಿಗಾದರೂ ಮೈಕೈ ಜೋರಾಗಿ ನಡುಗಿದರೆ, ಫಿಟ್ಸ್ ಬಂದರೆ, ಇಲ್ಲದ್ದೆಲ್ಲ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸು ತೀರಾ ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.