ಡ್ಯಾನ್ ಫ್ರೀಮನ್‌ನನ್ನು ಮೆಚ್ಚಿಕೊಂಡ ನಿನಗೆ

ಪ್ರೀತಿಯ ಚೇತನ್,

ಜೈ ಭೀಮ್. ನಿನ್ನ ಉದ್ದನೆಯ ಪತ್ರವನ್ನು ಓದಿ, ನಿನ್ನ ಅತ್ತೆಗೂ ಓದಿ ಹೇಳಿದೆ. ಶಿಕಾಗೋದ ಚಳಿಯಲ್ಲಿ ಕೋಣೆಯೊಳಗೆ ಕೂತು ಸ್ಯಾಮ್ ಗ್ರೀನ್‌ಲೀಯ ‘ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್’ ಕಾದಂಬರಿಯನ್ನು ಒಂದೇ ಉಸಿರಿಗೆ ಮುಗಿಸಿದ್ದೀಯ. ಅದೇ ಜಾಡಿನಲ್ಲಿ ಕನ್ನಡದಲ್ಲೊಂದು ರಾಜಕೀಯ ಥ್ರಿಲ್ಲರ್ ಬರೆಯಬೇಕು ಎಂಬ ಹುಕಿಯೂ ಹತ್ತಿದೆ. ಬರಿ, ಖಂಡಿತ ಬರಿ. ಆದರೆ ಪತ್ರದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯ: ಮೆರವಣಿಗೆ, ಮನವಿ, ಮಕ್ಕಳಿಗೆ ಊಟ ಹಾಕುವುದು ಇವೆಲ್ಲ ಬರೀ ಕಾಲಹರಣ, ಆ ಕಾದಂಬರಿಯ ನಾಯಕ ಡ್ಯಾನ್ ಫ್ರೀಮನ್ ಹಿಡಿದ ದಾರಿಯೊಂದೇ ದಾರಿ ಎಂದು. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ಕಾದಂಬರಿಯ ಬಗ್ಗೆಯೇ ಹೇಳುತ್ತೇನೆ, ಏಕೆಂದರೆ ನನಗೂ ಅದು ಬಹಳ ಇಷ್ಟ. ಚುನಾವಣೆ ಹತ್ತಿರ ಬಂದಾಗ ಕಪ್ಪು ಜನರ ಮತ ಕೈತಪ್ಪುತ್ತದೆಂದು ಹೆದರಿದ ಒಬ್ಬ ಸೆನೆಟರ್, ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿಐಎಯಲ್ಲಿ ಕಪ್ಪು ಅಧಿಕಾರಿಗಳೇ ಇಲ್ಲವಲ್ಲ ಎಂದು ಗದ್ದಲ ಎಬ್ಬಿಸುತ್ತಾನೆ. ಸಂಸ್ಥೆ ಒಂದಷ್ಟು ಯುವಕರನ್ನು ತರಬೇತಿಗೆ ಕರೆದು, ಒಬ್ಬೊಬ್ಬರನ್ನೇ ಉದುರಿಸುತ್ತಾ ಹೋಗುತ್ತದೆ. ಯಾರ ಕಣ್ಣಿಗೂ ಬೀಳದಂತೆ ತಲೆ ತಗ್ಗಿಸಿಕೊಂಡಿದ್ದ ಫ್ರೀಮನ್ ಒಬ್ಬ ಮಾತ್ರ ಉಳಿದುಬಿಡುತ್ತಾನೆ. ಅಷ್ಟೆಲ್ಲ ತರಬೇತಿ ಕೊಟ್ಟು ಅವನಿಗೆ ವಹಿಸುವ ಕೆಲಸ ಯಾವುದು? ನೆಲಮಾಳಿಗೆಯಲ್ಲಿ ರಹಸ್ಯ ಕಾಗದಗಳ ನಕಲು ತೆಗೆಯುವುದು. ಆಮೇಲೆ ನಿರ್ದೇಶಕರ ಕಚೇರಿಗೆ ಬರುವ ಅತಿಥಿಗಳ ಕಣ್ಣಿಗೆ ಬೀಳುವ ಜಾಗದಲ್ಲಿ ಕೂರಿಸುತ್ತಾರೆ. ಐದು ವರ್ಷ ಅವನು ನಗುತ್ತಾ ಸಹಿಸುತ್ತಾನೆ. ರಾಜೀನಾಮೆ ಕೊಟ್ಟು ಶಿಕಾಗೋಗೆ ಮರಳಿ, ಸಮಾಜಸೇವಕನ ವೇಷದಲ್ಲಿ ಕೋಬ್ರಾಸ್ ಎಂಬ ಬೀದಿ ಹುಡುಗರ ಗುಂಪಿಗೆ ತಾನು ಕಲಿತದ್ದನ್ನೆಲ್ಲ ಕಲಿಸುತ್ತಾನೆ.

ನೀನು ಬಾಂಬು, ಬಂದೂಕು, ನ್ಯಾಷನಲ್ ಗಾರ್ಡ್ ಎಂಬ ಸೇನಾಪಡೆಯ ಮೇಲಿನ ದಾಳಿಯ ಪುಟಗಳನ್ನು ಹೊಗಳಿದ್ದೀಯ. ನನಗೆ ಹಿಡಿಸಿದ್ದು ಆ ಐದು ವರ್ಷಗಳ ಭಾಗ. ಕಪ್ಪು ಮನುಷ್ಯನ ಕೈಯಲ್ಲಿ ಪೊರಕೆಯೋ ಟ್ರೇಯೋ ಇದ್ದರೆ ಅವನು ಯಾವ ಬಾಗಿಲನ್ನಾದರೂ ದಾಟಬಹುದು, ಅವನ ಮುಖ ಯಾರಿಗೂ ನೆನಪಿರುವುದಿಲ್ಲ ಎಂಬ ಸತ್ಯವನ್ನು ಗ್ರೀನ್‌ಲೀ ಹಿಡಿದಿರುವ ರೀತಿ ನೋಡು. ಮೈಬಣ್ಣ ತುಸು ತಿಳಿಯಾಗಿರುವ ಹುಡುಗರು ಬ್ಯಾಂಕ್ ದೋಚಿದಾಗ ಪೊಲೀಸರು ಬಿಳಿಯರನ್ನು ಹುಡುಕುತ್ತಾ ಹೊರಡುತ್ತಾರಲ್ಲ, ಅಲ್ಲಿ ವರ್ಣಭೇದದ ಬುದ್ಧಿ ಹೇಗೆ ಕೆಲಸ ಮಾಡುತ್ತದೆಂಬುದು ಒಂದೇ ಏಟಿಗೆ ಬಯಲಾಗುತ್ತದೆ. ಇದು ಅನುಭವಿಸಿದವನ ಬರಹ. ಗ್ರೀನ್‌ಲೀ ಶಿಕಾಗೋದವನೇ, 1930ರಲ್ಲಿ ಹುಟ್ಟಿದವನು. ಅಮೆರಿಕದ ವಿದೇಶ ಪ್ರಚಾರ ಇಲಾಖೆಗೆ ಮೊದಮೊದಲು ಸೇರಿದ ಕಪ್ಪು ಅಧಿಕಾರಿಗಳಲ್ಲಿ ಒಬ್ಬ. ಇರಾಕ್, ಪಾಕಿಸ್ತಾನ, ಇಂಡೋನೇಷ್ಯಾ, ಗ್ರೀಸ್‌ಗಳಲ್ಲಿ ಕೆಲಸ ಮಾಡಿದ. 1958ರಲ್ಲಿ ಬಾಗ್ದಾದಿನ ಕ್ಷಿಪ್ರಕ್ರಾಂತಿಯನ್ನು ಕಣ್ಣಾರೆ ಕಂಡ. ತನ್ನ ದೇಶ ಹೊರಗಡೆ ಸ್ವಾತಂತ್ರ್ಯದ ಭಾಷಣ ಮಾಡುವಾಗ ಆ ಭಾಷಣ ಹಂಚುವ ನೌಕರಿ ಅವನದಾಗಿತ್ತು. ಅದನ್ನು ಬಿಟ್ಟು ಗ್ರೀಸಿನ ಮಿಕೊನೊಸ್ ದ್ವೀಪದಲ್ಲಿ ಕೂತು ಈ ಕಾದಂಬರಿ ಬರೆದ. ಅಮೆರಿಕದ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಕೊನೆಗೆ 1969ರಲ್ಲಿ ಲಂಡನ್ನಿನ ಆಲಿಸನ್ ಅಂಡ್ ಬಸ್ಬಿ ಎಂಬ ಪುಟ್ಟ ಪ್ರಕಾಶನ ಅಚ್ಚು ಹಾಕಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬಳು ಘಾನಾದಲ್ಲಿ ಹುಟ್ಟಿದ ಮಾರ್ಗರೆಟ್ ಬಸ್ಬಿ.

ಈ ಸಿಟ್ಟು ಎಲ್ಲಿಂದ ಬಂತೆಂದು ನೀನು ಕೇಳಬೇಕಾಗಿಲ್ಲ, ನೀನಿರುವ ಊರೇ ಉತ್ತರ. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಆ ಊರಿನ ಲಾನ್‌ಡೇಲ್‌ನ ಹಳೆಯ ಬಾಡಿಗೆ ಮನೆಯಲ್ಲಿ ಇದ್ದು, ಕಪ್ಪು ಜನರಿಗೆ ಎಲ್ಲ ಬಡಾವಣೆಗಳಲ್ಲೂ ಮನೆ ಸಿಗಬೇಕೆಂದು ಹೋರಾಡಿದರು. ಆಗಸ್ಟ್‌ನಲ್ಲಿ ಮಾರ್ಕೆಟ್ ಪಾರ್ಕ್ ಬಳಿ ಬಿಳಿಯರ ಗುಂಪು ತೂರಿದ ಕಲ್ಲು ಅವರ ತಲೆಗೆ ಬಿತ್ತು. 1968ರ ಏಪ್ರಿಲ್‌ನಲ್ಲಿ ಅವರ ಕೊಲೆಯಾದಾಗ ಶಿಕಾಗೋದ ಪಶ್ಚಿಮ ಭಾಗ ಹೊತ್ತಿ ಉರಿಯಿತು. ಬೆಂಕಿ ಹಚ್ಚುವವರನ್ನು ಕೊಲ್ಲಲೆಂದೇ ಗುಂಡು ಹಾರಿಸಿ ಎಂದು ಮೇಯರ್ ರಿಚರ್ಡ್ ಡೇಲಿ ಬಹಿರಂಗವಾಗಿಯೇ ಹೇಳಿದರು. ಇದನ್ನೆಲ್ಲ ಕಂಡ ಊರಿನವನೊಬ್ಬ ಬಂದೂಕಿನ ಕಥೆ ಬರೆದರೆ ಅವನನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಕಾದಂಬರಿ ಅಚ್ಚಾದ ವರ್ಷವೇ, ಅದೇ ಶಿಕಾಗೋದಲ್ಲಿ, ಫ್ರೆಡ್ ಹ್ಯಾಂಪ್ಟನ್ ಎಂಬ ಇಪ್ಪತ್ತೊಂದರ ಹುಡುಗನಿದ್ದ. ಮೇವುಡ್ ಎಂಬ ಉಪನಗರದವನು. ಕಪ್ಪು ಮಕ್ಕಳಿಗೂ ಈಜುಕೊಳ ಬೇಕೆಂದು ಶಾಲೆಯ ವಯಸ್ಸಿನಲ್ಲೇ ಹೋರಾಟಕ್ಕೆ ಇಳಿದಿದ್ದವನು, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಇಲಿನಾಯ್ ಶಾಖೆಯ ನಾಯಕನಾಗಿದ್ದ. ಪ್ಯಾಂಥರರ ಬಳಿ ಬಂದೂಕು ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಇತ್ತು. ಆದರೆ ಹ್ಯಾಂಪ್ಟನ್ ಬೆಳಿಗ್ಗೆ ಎದ್ದು ಮಾಡುತ್ತಿದ್ದ ಕೆಲಸ ಶಾಲೆಗೆ ಹೋಗುವ ಮಕ್ಕಳಿಗೆ ತಿಂಡಿ ಬಡಿಸುವುದು. ಅಪಲಾಚಿಯಾ ಬೆಟ್ಟಗಳಿಂದ ಹೊಟ್ಟೆಪಾಡಿಗೆ ಬಂದ ಬಡ ಬಿಳಿಯರ ಯಂಗ್ ಪೇಟ್ರಿಯಟ್ಸ್, ಪೋರ್ಟೊರಿಕನ್ ಹುಡುಗರ ಯಂಗ್ ಲಾರ್ಡ್ಸ್, ಇವರಿಬ್ಬರನ್ನೂ ಪ್ಯಾಂಥರರ ಜೊತೆ ಕೂರಿಸಿ ರೇನ್‌ಬೋ ಒಕ್ಕೂಟ ಕಟ್ಟಿದ. ಫ್ರೀಮನ್ ಕೋಬ್ರಾಸ್ ಹುಡುಗರನ್ನು ಗುಟ್ಟಾಗಿ ತಿದ್ದಿದ ಹಾಗೆ, ಇವನು ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಎಂಬ ದೊಡ್ಡ ಬೀದಿ ಗುಂಪನ್ನು ರಾಜಕೀಯಕ್ಕೆ ತರಲು ಓಡಾಡಿದ. ಆದರೆ ಬಹಿರಂಗವಾಗಿ.

ಆಗ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಏನು ಮಾಡಿತು ಗೊತ್ತೇ? 1969ರ ಜನವರಿಯ ಕೊನೆಯಲ್ಲಿ ರೇಂಜರ್ಸ್ ನಾಯಕ ಜೆಫ್ ಫೋರ್ಟ್‌ಗೆ ಹೆಸರಿಲ್ಲದ ಪತ್ರವೊಂದನ್ನು ಕಳಿಸಲು ವಾಷಿಂಗ್ಟನ್ನಿನಿಂದ ಅನುಮತಿ ಬಂತು. ನಿನ್ನನ್ನು ಕೊಲ್ಲಲು ಪ್ಯಾಂಥರರು ಹೊಂಚು ಹಾಕಿದ್ದಾರೆ ಎಂದು ಕಪ್ಪು ಹಿತೈಷಿಯೊಬ್ಬ ಬರೆದಂತೆ ನಟಿಸಿದ ಪತ್ರ ಅದು. ಎರಡು ಗುಂಪು ಕೈ ಜೋಡಿಸುವ ಬದಲು ಕತ್ತು ಕುಯ್ದುಕೊಳ್ಳಲಿ ಎಂಬುದೇ ಉದ್ದೇಶ. ಅದಕ್ಕೂ ಮೊದಲು, 1968ರ ಮಾರ್ಚ್‌ನಲ್ಲೇ, ಕಪ್ಪು ಜನರನ್ನು ಒಗ್ಗೂಡಿಸಬಲ್ಲ ‘ಮಸೀಹ’ನೊಬ್ಬ ತಲೆಯೆತ್ತದಂತೆ ನೋಡಿಕೊಳ್ಳಿ ಎಂಬ ಆದೇಶ ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಕಚೇರಿಯಿಂದ ಎಲ್ಲ ಶಾಖೆಗಳಿಗೆ ಹೋಗಿತ್ತು. ಅದೇ ಹೂವರ್ 1969ರಲ್ಲಿ ಮಕ್ಕಳ ತಿಂಡಿಯ ಕಾರ್ಯಕ್ರಮವನ್ನೂ ದೊಡ್ಡ ಅಪಾಯವೆಂದು ತನ್ನವರಿಗೆ ಎಚ್ಚರಿಸಿದ. ಚೇತನ್, ನೀನು ಕಾಲಹರಣ ಎಂದು ತಳ್ಳಿಹಾಕಿದ ಊಟ ಅದೇ.

ಹ್ಯಾಂಪ್ಟನ್‌ನ ರಕ್ಷಣೆಯ ಹೊಣೆ ಹೊತ್ತಿದ್ದವನು ವಿಲಿಯಂ ಒನೀಲ್. ಕಾರು ಕದ್ದ ಪ್ರಕರಣದಿಂದ ಪಾರಾಗಲು ಎಫ್‌ಬಿಐಗೆ ಮಾಹಿತಿದಾರನಾದ ಹುಡುಗ. ಪಶ್ಚಿಮ ಮನ್ರೋ ಬೀದಿಯ 2337ನೇ ನಂಬರಿನ ಮನೆಯ ನಕ್ಷೆಯನ್ನು, ಯಾವ ಕೋಣೆಯಲ್ಲಿ ಹಾಸಿಗೆ ಎಲ್ಲಿದೆ ಎಂಬುದರ ಸಮೇತ, ಅವನು ಕೊಟ್ಟ. 1969ರ ಡಿಸೆಂಬರ್ 4ರ ನಸುಕಿನಲ್ಲಿ ಕುಕ್ ಕೌಂಟಿ ಸರ್ಕಾರಿ ವಕೀಲ ಎಡ್ವರ್ಡ್ ಹ್ಯಾನ್ರಹನ್‌ನ ಪೊಲೀಸರು ನುಗ್ಗಿದರು. ಫೆಡರಲ್ ಜ್ಯೂರಿಯ ವಿಚಾರಣೆಯಲ್ಲಿ ಕಂಡುಬಂದದ್ದು: ಪೊಲೀಸರ ಕಡೆಯಿಂದ 80ಕ್ಕೂ ಹೆಚ್ಚು ಗುಂಡು, ಪ್ಯಾಂಥರರ ಕಡೆಯಿಂದ ಒಂದು. ಮುಂಬಾಗಿಲ ಬಳಿ ಮಾರ್ಕ್ ಕ್ಲಾರ್ಕ್ ಸತ್ತ, ಅವನಿಗೆ ಇಪ್ಪತ್ತೆರಡು. ಹಾಸಿಗೆಯಲ್ಲಿ ಹ್ಯಾಂಪ್ಟನ್ ಸತ್ತ. ಅವನ ಪಕ್ಕದಲ್ಲಿ ಮಲಗಿದ್ದವಳು ತುಂಬು ಗರ್ಭಿಣಿ. ಅದೇ ತಿಂಗಳ ಕೊನೆಯಲ್ಲಿ ಮಗ ಹುಟ್ಟಿದ. ಒನೀಲ್‌ಗೆ ಎಫ್‌ಬಿಐ 300 ಡಾಲರ್ ಬಹುಮಾನ ಕೊಟ್ಟಿತು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಓದು. ಪೊಲೀಸರು ಆ ಮನೆಗೆ ಬೀಗಮುದ್ರೆ ಹಾಕದೆ ಹೋಗಿದ್ದರು. ಪ್ಯಾಂಥರರು ಬಾಗಿಲು ತೆರೆದು ಊರನ್ನೇ ಕರೆದರು. ಸಾವಿರಾರು ಜನ ಸಾಲುಗಟ್ಟಿ ಒಳಗೆ ಹೋದರು: ಮುದುಕಿಯರು, ಕೆಲಸಕ್ಕೆ ಹೊರಟವರು, ಶಾಲೆಯ ಹುಡುಗರು. ಗೋಡೆಯ ಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಬಿದ್ದ ತೂತುಗಳನ್ನೂ ರಕ್ತ ಹೀರಿದ ಹಾಸಿಗೆಯನ್ನೂ ನೋಡಿದರು. ಇತ್ತ ಹ್ಯಾನ್ರಹನ್ ಕಡೆಯವರು ಒಳಗಿನವರೇ ಗುಂಡು ಹಾರಿಸಿದರೆಂದು ಸಾಧಿಸಲು ಫೋಟೋಗಳನ್ನು ಕೊಟ್ಟರು, ಪತ್ರಿಕೆಯೊಂದು ಗುಂಡಿನ ತೂತುಗಳೆಂದು ಗುರುತು ಹಾಕಿ ಅಚ್ಚು ಮಾಡಿತು. ಇನ್ನೊಂದು ಪತ್ರಿಕೆಯ ವರದಿಗಾರರು ಸ್ಥಳಕ್ಕೆ ಹೋಗಿ ನೋಡಿದರೆ ಅವು ಮೊಳೆಯ ತಲೆಗಳು. ಬರೀ ಮೊಳೆ. ಸರ್ಕಾರದ ಕಥೆ ಕುಸಿಯತೊಡಗಿದ್ದು ಯಾವ ಗೂಢಚಾರನ ಕೈಚಳಕದಿಂದಲೂ ಅಲ್ಲ. ತೆರೆದ ಬಾಗಿಲಿನಿಂದ, ಹೋಗಿ ಹತ್ತಿರದಿಂದ ನೋಡಿದ ಜನರಿಂದ.

1971ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಪಟ್ಟಣದ ಎಫ್‌ಬಿಐ ಕಚೇರಿಗೆ ಕೆಲವು ಸಾಮಾನ್ಯ ನಾಗರಿಕರು ರಾತ್ರಿ ನುಗ್ಗಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಹಂಚಿದರು. ಇಂಥ ಕುತಂತ್ರಗಳನ್ನು ನಡೆಸುತ್ತಿದ್ದ ಕೊಇಂಟೆಲ್‌ಪ್ರೊ ಎಂಬ ಗುಪ್ತ ಯೋಜನೆಯ ಹೆಸರು ಹೊರಬಿದ್ದದ್ದು ಹಾಗೆ. 1972ರ ಚುನಾವಣೆಯಲ್ಲಿ ಶಿಕಾಗೋದ ಕಪ್ಪು ಮತದಾರರು ಹ್ಯಾನ್ರಹನ್‌ನನ್ನು ಸೋಲಿಸಿದರು. ಹ್ಯಾಂಪ್ಟನ್, ಕ್ಲಾರ್ಕ್ ಕುಟುಂಬದವರೂ ಬದುಕುಳಿದವರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ 1982ರಲ್ಲಿ 18.5 ಲಕ್ಷ ಡಾಲರ್ ಪರಿಹಾರಕ್ಕೆ ಸರ್ಕಾರಗಳು ಒಪ್ಪಿದವು. ಮರುವರ್ಷ ಹೆರಾಲ್ಡ್ ವಾಷಿಂಗ್ಟನ್ ಆ ನಗರದ ಮೊದಲ ಕಪ್ಪು ಮೇಯರ್ ಆದರು. ಇದಿಷ್ಟೂ ನ್ಯಾಯ ಎಂದು ನಾನು ಕರೆಯಲಾರೆ. ಕೊಂದದ್ದಕ್ಕಾಗಿ ಒಬ್ಬನೂ ಜೈಲಿಗೆ ಹೋಗಲಿಲ್ಲ.

ಗ್ರೀನ್‌ಲೀಯ ಕಾದಂಬರಿಯಲ್ಲಿ ಗುಟ್ಟು ದಮನಕ್ಕೊಳಗಾದವರ ಆಯುಧ. ನಿಜದ ಶಿಕಾಗೋದಲ್ಲಿ ಗುಟ್ಟು ಸರ್ಕಾರದ ಆಯುಧವಾಗಿತ್ತು, ಜನರು ಮಾಡಿದ್ದು ಬಹುಪಾಲು ಹಗಲಲ್ಲಿ, ಹೆಸರು ಹೇಳಿಕೊಂಡು. ವೇಷ ಮರೆಸಿಕೊಂಡು ಪಕ್ಕದಲ್ಲೇ ಕೂತಿದ್ದವನು ಫ್ರೀಮನ್ ಅಲ್ಲ, ಒನೀಲ್. ನೀನು ಥ್ರಿಲ್ಲರ್ ಬರೆಯುವುದಾದರೆ ಇದನ್ನು ಮನಸ್ಸಿಗೆ ತಂದುಕೊಂಡು ಬರಿ. ಗುಟ್ಟಿನ ಸಂಘಟನೆಯೊಳಗೆ ಪೊಲೀಸರ ಮನುಷ್ಯ ಸೇರುವುದು ಸುಲಭ, ಅವನನ್ನು ಗುರುತಿಸುವುದು ಕಷ್ಟ, ಅವನ ಮಾತು ಕೇಳಿ ಸಾಯುವವರು ನಿನ್ನ ವಯಸ್ಸಿನ ಹುಡುಗರು. ಫ್ರೀಮನ್‌ನ ಗುಂಪಿನಲ್ಲಿ ಅಂಥವನೊಬ್ಬನೂ ಇಲ್ಲದಿರುವುದು ಕಾದಂಬರಿಕಾರ ತನ್ನ ನಾಯಕನಿಗೆ ಕೊಟ್ಟ ವರ. ಬದುಕು ಹ್ಯಾಂಪ್ಟನ್‌ಗೆ ಆ ವರ ಕೊಡಲಿಲ್ಲ.

ಇನ್ನೊಂದು ಕೊರತೆಯನ್ನು ನಿನ್ನ ಅತ್ತೆ ಹೇಳಿದಳು. ಫ್ರೀಮನ್‌ನ ಲೋಕದಲ್ಲಿ ಹೆಂಗಸರು ಹಾಸಿಗೆಗೆ ಬರುತ್ತಾರೆ, ಸುದ್ದಿ ತರುತ್ತಾರೆ, ಮೋಸ ಮಾಡುತ್ತಾರೆ. ಯೋಜನೆ ಹಾಕುವ ಮೇಜಿನ ಬಳಿ ಯಾರೂ ಇಲ್ಲ. ತಿಂಡಿ ಬೇಯಿಸಿದವರು, ಉಚಿತ ದವಾಖಾನೆ ನಡೆಸಿದವರು, ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು ಯಾರು ಎಂದು ವಿಚಾರಿಸಿದರೆ ಆ ಕಾಲದ ಶಿಕಾಗೋದಲ್ಲಿ ಹೆಂಗಸರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ನೀನು ಗ್ರೀನ್‌ಲೀಯಿಂದ ಇದೊಂದನ್ನು ಕಲಿಯಬೇಡ.

ದಲಿತರಾದ ನಮಗೂ ಅಮೆರಿಕದ ಕಪ್ಪು ಜನರಿಗೂ ಇರುವ ನಂಟು ನಿನಗೆ ಗೊತ್ತಿರುವುದೇ. 1946ರಲ್ಲೇ ಬಾಬಾಸಾಹೇಬರು ಅಲ್ಲಿನ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸುವ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡರು. ಬಳಿಕ ಇಲ್ಲಿ ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ನಾವು ಆಗ ಊರೂರಿಗೆ ಹೋಗಿ ಮಾಡಿದ್ದು ಹಾಸ್ಟೆಲ್ ಕೇಳುವುದು, ಭೂಮಿ ಕೇಳುವುದು, ಸಿದ್ದಲಿಂಗಯ್ಯನವರ ಹಾಡು ಹಾಡುವುದು. ಎಲ್ಲವೂ ಬೀದಿಯಲ್ಲೇ. ನಮ್ಮನ್ನು ದ್ವೇಷಿಸುವವರಿಗೆ ನಮ್ಮ ಹೆಸರು, ಮನೆ ಎಲ್ಲ ಗೊತ್ತಿತ್ತು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಒಂದು ಹಟ್ಟಿಯಲ್ಲಿ ಸಭೆ ನಡೆದರೆ ಮುಂದಿನ ವಾರ ಪಕ್ಕದ ಹಟ್ಟಿಯವರು ತಾವಾಗಿಯೇ ಕರೆಯುತ್ತಿದ್ದರು. ಗುಟ್ಟಾಗಿ ಮಾಡಿದ್ದರೆ ಆ ಕರೆ ಬರುತ್ತಿರಲಿಲ್ಲ.

ಈಗ ನಿನ್ನ ಬರವಣಿಗೆಗೆ ಬೇಕಾದ ಮಾತು. ದಕ್ಷಿಣ ಹಾಲ್‌ಸ್ಟೆಡ್ ಬೀದಿಯಲ್ಲಿ ಕಾರ್ಟರ್ ವುಡ್ಸನ್ ಗ್ರಂಥಾಲಯವಿದೆ, ಅದರಲ್ಲಿ ವಿವಿಯನ್ ಹಾರ್ಷ್ ಸಂಗ್ರಹ ಎಂಬ ಕಪ್ಪು ಜನರ ಇತಿಹಾಸದ ದೊಡ್ಡ ಭಂಡಾರ. ಬಿಡುವು ಮಾಡಿಕೊಂಡು ಹೋಗು. 1969ರ ಡಿಸೆಂಬರ್‌ನ ಶಿಕಾಗೋ ಪತ್ರಿಕೆಗಳನ್ನು ದಿನದಿಂದ ದಿನಕ್ಕೆ ಓದು. ಗುಪ್ತಚರ ಸಂಸ್ಥೆಗಳ ಅತಿರೇಕಗಳನ್ನು ತನಿಖೆ ಮಾಡಿದ ಸೆನೆಟ್ ಸಮಿತಿಯ, ಅಂದರೆ 1975-76ರ ಚರ್ಚ್ ಸಮಿತಿಯ, ವರದಿಯಲ್ಲಿ ಪ್ಯಾಂಥರರ ಮೇಲೆ ನಡೆದ ಕುತಂತ್ರಕ್ಕೇ ಒಂದು ಭಾಗವಿದೆ, ಅದನ್ನು ಬಿಡಬೇಡ. ಕಾದಂಬರಿಯನ್ನು ಆಧರಿಸಿ 1973ರಲ್ಲಿ ಐವನ್ ಡಿಕ್ಸನ್ ನಿರ್ದೇಶಿಸಿದ ಸಿನಿಮಾವನ್ನೂ ನೋಡು. ಹರ್ಬಿ ಹ್ಯಾನ್ಕಾಕ್ ಸಂಗೀತ. ಬಹುಭಾಗವನ್ನು ಪಕ್ಕದ ಇಂಡಿಯಾನಾದ ಗ್ಯಾರಿಯಲ್ಲಿ ತೆಗೆದರು, ಅಲ್ಲಿ ಕಪ್ಪು ಮೇಯರ್ ಇದ್ದರು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಚಿತ್ರಮಂದಿರಗಳಿಂದ ಮಾಯವಾದ ಸಿನಿಮಾ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ನಿನ್ನ ನಾಯಕ ಗುಪ್ತಚರ ಇಲಾಖೆ ಸೇರುವ ದಲಿತ ಹುಡುಗ ಎಂದಿದ್ದೀಯ. ಇರಲಿ. ಅವನ ಎದುರಿಗೆ ಹಗಲಲ್ಲಿ ಕೆಲಸ ಮಾಡುವ ಒಬ್ಬಳನ್ನು ನಿಲ್ಲಿಸು, ಅವಳಿಗೂ ಅಷ್ಟೇ ಬುದ್ಧಿ, ಅಷ್ಟೇ ಧೈರ್ಯ ಕೊಡು, ಇಬ್ಬರೂ ಮನಬಿಚ್ಚಿ ವಾದಿಸಲಿ. ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನಿಸಬೇಡ. ಮೊದಲ ಅಧ್ಯಾಯ ಆದ ಕೂಡಲೇ ಕಳಿಸು. ಅವಳ ಮಾತು ಬರುವ ಪುಟಗಳನ್ನು ಮೊದಲು ಓದುವುದು ನಿನ್ನ ಅತ್ತೆ, ಅದನ್ನು ಅವಳು ಈಗಲೇ ಹೇಳಿಬಿಟ್ಟಿದ್ದಾಳೆ.

ನಿನ್ನ ಮಾವ