ಸಂಜೆಯ ಮೈದಾನ ಮುಚ್ಚುವುದಿಲ್ಲ: ಸೈನ್ಸ್ ಸರ್ ನೆನಪಿನಲ್ಲಿ ಪಾಲಕರಿಗೆ ಪತ್ರ

ಬೀದರ್

ಮಾನ್ಯ ಪಾಲಕರಿಗೆ ನಮಸ್ಕಾರ,

ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಕಳೆದ ತಿಂಗಳು ತೀರಿಕೊಂಡದ್ದು ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಬಹಳ ಜನ ಮಣ್ಣಿಗೆ ಬಂದಿದ್ದಿರಿ. ಅಂಗಡಿ ಬಾಗಿಲು ಹಾಕಿ ಬಂದವರಿದ್ದರು, ಹೊಲದಿಂದ ನೇರ ಬಂದವರಿದ್ದರು. ಹೈದರಾಬಾದಿನಿಂದ ರಾತ್ರಿ ಬಸ್ಸಿಗೆ ಬಂದ ಹಳೆಯ ವಿದ್ಯಾರ್ಥಿಗಳೂ ಇದ್ದರು. ಅವತ್ತು ಯಾರ ಜೊತೆಗೂ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಅವರ ಬಗ್ಗೆ ನಾಲ್ಕು ಮಾತು ಹೇಳಬೇಕು, ನಿಮ್ಮಿಂದ ಒಂದು ಸಹಾಯವನ್ನೂ ಕೇಳಬೇಕು.

ಮಕ್ಕಳಿಗೆ ಅವರು ‘ಸೈನ್ಸ್ ಸರ್’. ಸಂಜೆ ಮೈದಾನದಲ್ಲಿ ಸೀಟಿ ಊದುತ್ತಾ ನಿಂತಾಗಲೂ ಸೈನ್ಸ್ ಸರ್ರೇ. ಶಾಲೆಯಲ್ಲಿ ದೈಹಿಕ ಶಿಕ್ಷಕರು ಇಲ್ಲದ ಕಾಲದಲ್ಲಿ ಆಟದ ಜವಾಬ್ದಾರಿಯನ್ನು ತಾವಾಗಿಯೇ ತೆಗೆದುಕೊಂಡರು. ಆಮೇಲೆ ಬಿಡಲೇ ಇಲ್ಲ. ಪಾಠ ಬೇರೆ, ಆಟ ಬೇರೆ ಎಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಕ್ಕಳಿಗೆ ಸಿಕ್ಕಿದ್ದು ಏನು ಎಂದು ನಿಮಗೂ ತಿಳಿಯಬೇಕು.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳದ್ದು. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆಯ ಮೇಲೆ ತಾಮ್ರ ಕೂರುತ್ತದೆ ಎಂದು ಅದರಲ್ಲಿದೆ. ಸರ್ ಇದನ್ನು ಲ್ಯಾಬಿನಲ್ಲಿ ಮಾಡಿ ತೋರಿಸುತ್ತಿದ್ದರು. ಅಲ್ಲಿಗೇ ಬಿಡುತ್ತಿರಲಿಲ್ಲ. ಮಕ್ಕಳನ್ನು ಚೌಬಾರಾ ಕಡೆಯ ಓಣಿಗೆ, ಬಿದ್ರಿ ಕೆಲಸ ಮಾಡುವವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಬಿದ್ರಿ ಎರಕದ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದು ನಯ ಮಾಡಿದ ಮೇಲೆ ಅದರ ಮೈಗೆ ಮೈಲುತುತ್ತದ ನೀರು ಸವರುತ್ತಾರೆ. ಬೂದು ಲೋಹ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕೊರೆದ ಗೆರೆ ಎದ್ದು ಕಾಣುತ್ತದೆ. ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ತಿಕ್ಕಿದರೆ ಲೋಹವೆಲ್ಲ ಕಡುಗಪ್ಪು. ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ.

‘ಸತು ಯಾಕ ಕಪ್ಪಾತು? ಬೆಳ್ಳಿಗಿ ಯಾಕ ಏನೂ ಆಗಲಿಲ್ಲ?’ ಅಲ್ಲೇ ನಿಂತು ಕೇಳುತ್ತಿದ್ದರು. ಉತ್ತರ ಮಾತ್ರ ಹೇಳುತ್ತಿರಲಿಲ್ಲ. ಮುಂದೆ ಲೋಹಗಳ ಕ್ರಿಯಾಶೀಲತೆಯ ಸರಣಿ, ಅಂದರೆ ಯಾವ ಲೋಹ ಬೇಗ ಕ್ರಿಯೆಗೆ ಒಳಗಾಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪಟ್ಟಿ, ಬೋರ್ಡ್ ಮೇಲೆ ಬಂದ ದಿನ, ಹಿಂದಿನ ಬೆಂಚಿನಿಂದಲೂ ಕೈ ಮೇಲೇಳುತ್ತಿದ್ದವು. ಬಿದ್ರಿ ಕೆಲಸದ ಹಿರಿಯರು ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಅವರನ್ನು ಸರ್ ‘ಇವರೂ ಕೆಮಿಸ್ಟ್ರಿ ಮಾಸ್ತರ್ರೇ’ ಎಂದು ಮಕ್ಕಳಿಗೆ ಪರಿಚಯ ಮಾಡಿಸುತ್ತಿದ್ದರು. (ಲ್ಯಾಬಿನಲ್ಲಿ ಮಾತ್ರ ಯಾವುದನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.) ಅಪ್ಪ, ಅಜ್ಜ ಅದೇ ಕೆಲಸ ಮಾಡುವ ಮನೆಗಳ ಮಕ್ಕಳು ನಮ್ಮಲ್ಲಿದ್ದಾರೆ. ಆ ಮಾತು ಅವರಿಗೆ ಎಷ್ಟು ದೊಡ್ಡದು ಎಂದು ನಾನು ಅವರ ಮುಖದಲ್ಲೇ ನೋಡಿದ್ದೇನೆ.

ನೌಬಾದಿನ ಸುರಂಗ ಬಾವಿಗೂ ಹಾಗೇ ಕರೆದೊಯ್ಯುತ್ತಿದ್ದರು. ಬಹಮನಿ ಕಾಲದ್ದು ಅದು. ಮಳೆನೀರು ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗುತ್ತದೆ, ಕೆಳಗಿನ ಗಟ್ಟಿ ಕಪ್ಪು ಕಲ್ಲು ಅದನ್ನು ತಡೆಯುತ್ತದೆ. ನೆಲದೊಳಗಿನ ಸುರಂಗದ ಸಣ್ಣ ಇಳಿಜಾರಿನಲ್ಲಿ ಆ ನೀರು ತಾನಾಗಿಯೇ ಹರಿದು ಬರುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ಅಷ್ಟು ಸಣ್ಣ ಇಳಿಜಾರನ್ನು ಹೇಗೆ ಅಳೆದರು ಎಂದು ಒಬ್ಬ ಹುಡುಗಿ ಕೇಳಿದಳಂತೆ. ಮರುದಿನ ಸರ್ ಒಂದು ಲೆವೆಲ್ ಪೈಪು (ನೀರು ತುಂಬಿ ಎರಡು ಕಡೆಯ ಮಟ್ಟ ಹೋಲಿಸುವ ಪೈಪು) ತಂದು ಮೈದಾನದಲ್ಲೇ ಪಾಠ ಶುರು ಮಾಡಿದರು. ನಮ್ಮ ಒಬ್ಬ ವಿದ್ಯಾರ್ಥಿಯ ತಂದೆ ಗೌಂಡಿ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ ಎಂದು ಆ ಹುಡುಗನಿಗೆ ಮೊದಲೇ ಗೊತ್ತಿತ್ತು. ಸರ್ ಪೈಪನ್ನು ಅವನ ಕೈಗೆ ಕೊಟ್ಟು, ತಾವು ಮಕ್ಕಳ ಸಾಲಿನಲ್ಲಿ ಕೂತುಬಿಟ್ಟರು. ಅವತ್ತಿನ ಪಾಠ ಅವನದೇ. ಅಳೆದು ನೋಡಿದರೆ ನಮ್ಮ ಖೋಖೋ ಅಂಕಣ ಗೇಟಿನ ಕಡೆಗೆ ಇಳಿದಿತ್ತು. ಮಳೆಗಾಲದಲ್ಲಿ ಅಲ್ಲೇ ಯಾಕೆ ನೀರು ನಿಲ್ಲುತ್ತದೆ ಎಂದು ಎಲ್ಲರಿಗೂ ತಿಳಿಯಿತು. ಆಮೇಲೆ ಮಣ್ಣು ತರಿಸಿ, ನೀರು ಹೊಡೆದು, ರೋಲರ್ ಎಳೆದು ಸಮ ಮಾಡಿದರು. ಇವತ್ತು ನಿಮ್ಮ ಮಕ್ಕಳು ಆಡುವುದು ಅದೇ ಅಂಕಣದಲ್ಲಿ.

ಆ ಅಂಕಣದ ಎರಡು ಕಂಬಗಳಿಗೂ ಒಂದು ಕಥೆಯಿದೆ. ನಮ್ಮ ಬೀದರಿನಲ್ಲಿ ವರ್ಷಕ್ಕೆ ಎರಡು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಆ ಹೊತ್ತಿಗೆ ಅದರ ಬುಡದಲ್ಲೇ ಅಡಗುತ್ತದೆ. ಒಂದು ಸಲ ಮೇ ತಿಂಗಳ ನಡುವಿನ ಹೊತ್ತಿಗೆ, ಇನ್ನೊಂದು ಸಲ ಆಗಸ್ಟ್ ಆರಂಭದಲ್ಲಿ. ಆಗಸ್ಟಿನಲ್ಲಿ ಮೋಡ, ಮೇ ತಿಂಗಳಲ್ಲಿ ರಜೆ. ಸರ್ ರಜೆಯಲ್ಲೇ ಮಕ್ಕಳನ್ನು ಕರೆಸುತ್ತಿದ್ದರು. ಮುಂಚಿನ ದಿನವೇ ತೂಗುಗುಂಡು ಹಿಡಿದು ಖೋಖೋ ಕಂಬ ನೆಟ್ಟಗಿದೆಯಾ ನೋಡಿಕೊಳ್ಳಬೇಕು. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನೆರಳು ಇನ್ನೂ ಸ್ವಲ್ಪ ಇರುತ್ತದೆ. ಅದು ಹೋಗುವುದು ಹನ್ನೆರಡೂ ಕಾಲರ ಸುಮಾರಿಗೆ. ನಮ್ಮ ಗಡಿಯಾರ ಓಡುವುದು ದೇಶಕ್ಕೆಲ್ಲ ಒಂದೇ ಸಮಯಕ್ಕೆ, ಸೂರ್ಯ ನಮ್ಮೂರಿಗೆ ಬರುವುದು ಅವನ ಲೆಕ್ಕಕ್ಕೆ. ಈ ವ್ಯತ್ಯಾಸ ಮಕ್ಕಳಿಗೆ ಅಲ್ಲಿ ಬಿಸಿಲಲ್ಲಿ ನಿಂತೇ ಅರ್ಥವಾಗುತ್ತಿತ್ತು. ಛತ್ರಿ ಹಿಡಿದು ಬಂದ ತಾಯಂದಿರು ಕೂಡ ಕಂಬದ ಸುತ್ತ ನೆರಳು ಹುಡುಕುತ್ತಿದ್ದರು. ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು, ಅಲ್ವಾ?

ಇನ್ನು ಆಟದ ಮಾತು. ಖೋಖೋದಲ್ಲಿ ಬೆನ್ನಟ್ಟುವವರು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ದಾಟುವ ತನಕ ಹಿಂದೆ ತಿರುಗುವಂತಿಲ್ಲ. ಓಡುವವರು ಹೇಗೆ ಬೇಕಾದರೂ ತಿರುಗಬಹುದು, ಕೂತವರ ನಡುವೆ ನುಸುಳಬಹುದು. ಜೋರಾಗಿ ಬರುವವರನ್ನು ಹತ್ತಿರ ಬರಲು ಬಿಟ್ಟು, ಕೊನೆಯ ಕ್ಷಣದಲ್ಲಿ ಸೊಂಟ ಬಗ್ಗಿಸಿ ಹೊರಳಿದರೆ ಅವರು ತಮ್ಮ ವೇಗಕ್ಕೇ ಮುಂದೆ ಹೋಗುತ್ತಾರೆ. ಒಂಬತ್ತನೇ ತರಗತಿಯ ಜಡತ್ವದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ಸರ್ ಖುಷಿ ಹೇಳತೀರದು. ನಮ್ಮ ಮಹಿಳಾ ತಂಡವೂ ಗೆದ್ದಿತು, ಪುರುಷರ ತಂಡವೂ ಗೆದ್ದಿತು. ಗೆದ್ದ ಮಹಿಳಾ ತಂಡದಲ್ಲಿ ನಮ್ಮ ರಾಜ್ಯದ ಬಿ. ಚೈತ್ರಾ ಇದ್ದರು. ‘ಆಕಿನೂ ಹಳ್ಳಿ ಹುಡುಗಿನೇ, ನೋಡ್ರಿ’ ಎಂದು ನಮ್ಮ ಹುಡುಗಿಯರಿಗೆ ಎಷ್ಟು ಸಲ ಹೇಳಿದರೋ.

ಹುಡುಗಿಯರ ವಿಷಯದಲ್ಲಿ ಅವರ ಕಾಳಜಿ ಬೇರೆಯೇ ಇತ್ತು. ಒಬ್ಬಳು ಬೇಗ ಸುಸ್ತಾದರೆ ‘ಸೋಮಾರಿ’ ಎನ್ನುತ್ತಿರಲಿಲ್ಲ. ರಕ್ತ ಕಡಿಮೆ ಇರಬಹುದು ಎಂದು, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿದೆಯಾ ಎಂದು ನಮ್ಮ ಟೀಚರ್‌ಗೆ ನೋಡಲು ಹೇಳುತ್ತಿದ್ದರು. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಸುಮ್ನೆ ಜೇಬಿಗೆ ಹಾಕಿಕೊಳ್ಳದಂತೆ ಎದುರಿಗೇ ನುಂಗಿಸುತ್ತಿದ್ದರು. ಊಟವಾದ ಕೂಡಲೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಇದನ್ನು ನಿಮ್ಮ ಮನೆಗಳಲ್ಲಿ ಮಕ್ಕಳೇ ಬಂದು ಹೇಳಿರಬಹುದು. ಬೇಸಿಗೆಯಲ್ಲಿ ಅಂಕಣದ ಪಕ್ಕ ಒಂದು ಕೊಡ ಇರುತ್ತಿತ್ತು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಅಳತೆ ಮಕ್ಕಳದ್ದೇ, ರುಚಿ ನೋಡುವುದು ಸರ್.

ಕನ್ನಡ ಶಾಲೆಯಾದರೂ ನಮ್ಮ ಮಕ್ಕಳ ಮನೆಗಳಲ್ಲಿ ಉರ್ದು, ಮರಾಠಿ, ತೆಲುಗು ಎಲ್ಲ ಇವೆ. ಯಾರ ಮನೆಗೆ ಹೋದರೂ ಸರ್ ಅವರವರ ಮಾತಿನಲ್ಲೇ ಮಾತಾಡುತ್ತಿದ್ದರು. ಹೆಚ್ಚಾಗಿ ಹೋಗುತ್ತಿದ್ದುದು ಜೂನ್, ಜುಲೈ ತಿಂಗಳಲ್ಲಿ. ‘ಸರ್, ಈ ವರ್ಷ ಹತ್ತನೇತ್ತ ಅದ, ಇನ್ನ ಆಟ ಸಾಕು’ ಎಂದು ನೀವು ಮಕ್ಕಳನ್ನು ಬಿಡಿಸುತ್ತಿದ್ದ ಸಮಯ ಅದು. ಅವರು ವಾದ ಮಾಡುತ್ತಿರಲಿಲ್ಲ. ‘ಒಂದು ತಾಸ ನನಗ ಕೊಡ್ರಿ. ಉಳಿದದ್ದೆಲ್ಲ ನಿಮ್ಮದೇ ಅದ’ ಎಂದಷ್ಟೇ ಕೇಳುತ್ತಿದ್ದರು. ಮನೆಕೆಲಸದ ನೋಟ್‌ಬುಕ್ ತೋರಿಸದೆ ಯಾರೂ ಅಂಕಣಕ್ಕೆ ಇಳಿಯುವಂತಿರಲಿಲ್ಲ. ತಂಡದ ಒಳ್ಳೆಯ ಓಟಗಾರ್ತಿಯಾದರೂ ಅಷ್ಟೇ. ಬೆಳಿಗ್ಗೆಯಿಂದ ಕೂತೇ ಇದ್ದ ಮಗು ರಾತ್ರಿ ಪುಸ್ತಕ ಹಿಡಿದರೆ ಕಣ್ಣು ಮಾತ್ರ ಓಡುತ್ತದೆ ಎಂದು ಅವರು ನಂಬಿದ್ದರು. ಇಷ್ಟು ವರ್ಷ ತರಗತಿ ನೋಡಿದ ಮೇಲೆ ನಾನೂ ಅದನ್ನೇ ಹೇಳುತ್ತೇನೆ.

ಈಗ ನಿಮ್ಮನ್ನು ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ಸರ್ ಹೋದ ಮೇಲೆ ಹಲವು ಹುಡುಗಿಯರು ಅಭ್ಯಾಸಕ್ಕೆ ಬರುತ್ತಿಲ್ಲ. ಅದರಲ್ಲೂ ಹತ್ತನೇ ತರಗತಿಯವರು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆಟ ಮುಗಿದ ಮೇಲೆ ಮಕ್ಕಳನ್ನು ಬಸ್ ಸ್ಟಾಪಿನ ತನಕ ನಡೆಸಿಕೊಂಡು ಹೋಗಿ, ಬಸ್ಸು ಹತ್ತಿಸಿ, ಆಮೇಲೆ ಮನೆಗೆ ಹೋಗುತ್ತಿದ್ದವರು ಅವರೇ. ನೀವು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದುದು ಆ ಒಬ್ಬರ ಭರವಸೆಯ ಮೇಲೆ. ಆ ಜಾಗವನ್ನು ಇನ್ನೊಬ್ಬರೇ ತುಂಬುವುದು ಕಷ್ಟ. ನಾವೆಲ್ಲ ಸೇರಿ ತುಂಬಬಹುದು.

ಶಾಲೆಯ ಕಡೆಯಿಂದ ಹೀಗೆ ಮಾಡಿದ್ದೇವೆ. ಸಂಜೆಯ ಅಭ್ಯಾಸ ಮೊದಲಿನಂತೆ ಒಂದು ತಾಸು ನಡೆಯುತ್ತದೆ. ಚಳಿಗಾಲದಲ್ಲಿ ಬೇಗ ಶುರು ಮಾಡಿ ಕತ್ತಲಾಗುವ ಮುಂಚೆ ಮುಗಿಸುತ್ತೇವೆ. ನಮ್ಮ ಗಣಿತ ಟೀಚರ್ ಮತ್ತು ಸರ್ ಹತ್ತಿರವೇ ಆಡಿ ಬೆಳೆದ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಅಂಕಣದಲ್ಲಿ ಇರುತ್ತಾರೆ. ಮುಗಿಯುವ ತನಕ ನಾನೂ ಶಾಲೆಯಲ್ಲೇ ಇರುತ್ತೇನೆ. ನೋಟ್‌ಬುಕ್ ನಿಯಮ ಹಾಗೇ ಇರುತ್ತದೆ. ಬಸ್ ಸ್ಟಾಪಿನ ತನಕ ಹೋಗಲು ಮಾತ್ರ ನಮಗೆ ಜನ ಸಾಲದು. ಒಂದೊಂದು ಓಣಿಯಿಂದ, ಒಂದೊಂದು ಹಳ್ಳಿಯಿಂದ ಒಬ್ಬ ಪಾಲಕರು ವಾರಕ್ಕೊಂದು ಸಂಜೆ ಸರದಿಯಂತೆ ಬಂದರೆ ಸಾಕು.

ಬರುವ ಶನಿವಾರ ತರಗತಿ ಮುಗಿದ ಮೇಲೆ ಮೈದಾನದಲ್ಲೇ ಸರ್ ನೆನಪಿನ ಸಭೆ ಇದೆ. ಅವರ ಮನೆಯವರೂ ಬರುತ್ತಾರೆ. ಹಾರ, ಶಾಲು ಬೇಡ ಎಂದು ಅವರೇ ಹೇಳಿದ್ದಾರೆ. ಮಕ್ಕಳು ಮೈಲುತುತ್ತದ ಪ್ರಯೋಗ ಮಾಡಿ ತೋರಿಸುತ್ತಾರೆ, ಆಮೇಲೆ ಒಂದು ಖೋಖೋ ಪಂದ್ಯ. ಸರ್ ತಿದ್ದಿದ ಹಳೆಯ ನೋಟ್‌ಬುಕ್, ಫೋಟೋ ನಿಮ್ಮ ಮನೆಯಲ್ಲಿದ್ದರೆ ತನ್ನಿ, ನೋಡಿ ವಾಪಸ್ ಕೊಡುತ್ತೇವೆ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಗಳನ್ನು ಅಥವಾ ಮಗನನ್ನು ಅಭ್ಯಾಸಕ್ಕೆ ಕಳಿಸುತ್ತೀರಾ, ಸರದಿಗೆ ನಿಮಗೆ ವಾರದ ಯಾವ ದಿನ ಅನುಕೂಲ ಎಂದು ಬರೆದು ಸಹಿ ಮಾಡಿ ಶನಿವಾರ ತನ್ನಿ. ಬರೆಯಲು ಆಗದವರು ನನ್ನ ಹತ್ತಿರ ಬಂದು ಹೇಳಿದರೂ ಆಯಿತು, ನಾನೇ ಬರೆದುಕೊಳ್ಳುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ