ಮಬ್ಬು ಕವಿದರೆ ಹಿಂತಿರುಗು, ಮಗಳೇ

ಪ್ರೀತಿಯ ಮಗಳೇ,

ಪೈಲಟ್ ಲೈಸೆನ್ಸ್ ಕೈಗೆ ಬಂದಾಗಿನಿಂದ ಗೆಳತಿಯರನ್ನು ಕೂರಿಸಿಕೊಂಡು ಹಾರುವ ಮಾತಾಡುತ್ತಿದ್ದೀಯ. ನಿನ್ನ ಕೈಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಹವಾಮಾನದ ಮೇಲೆ ಇಲ್ಲ. ಅದಕ್ಕೇ ಈ ಪತ್ರ.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಪುಟ್ಟ ಪೈಪರ್ ವಿಮಾನದಲ್ಲಿ ಪತ್ನಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟರು. ಮರುದಿನ ಅವರ ಚಿಕ್ಕಪ್ಪನ ಮಗಳ ಮದುವೆ. ಅಂದು ಗುಡುಗಿರಲಿಲ್ಲ, ಬಿರುಗಾಳಿಯಿರಲಿಲ್ಲ. ಬರೀ ಮಬ್ಬು, ಕೆಳಗೆ ಕತ್ತಲ ಸಮುದ್ರ. ಕಣ್ಣಳತೆಯಲ್ಲಿ ಹಾರಲು ನಿಯಮದ ಅಡ್ಡಿಯೂ ಇರಲಿಲ್ಲ. ಅವರಿಗೆ ಸುಮಾರು 310 ಗಂಟೆಗಳ ಹಾರಾಟದ ಅನುಭವವಿತ್ತು. ಹೊರಗೆ ಏನೂ ಕಾಣದಿದ್ದಾಗ ಬರೀ ಉಪಕರಣಗಳನ್ನು ನೋಡಿ ಹಾರುವ ಅರ್ಹತೆ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾತ್ರ ಇರಲಿಲ್ಲ. ನಿನಗೂ ಇನ್ನೂ ಆಗಿಲ್ಲ. ಜೊತೆಗೆ ಬರಲು ಸಿದ್ಧವಿದ್ದ ತರಬೇತುದಾರರಿಗೆ ತಾವೇ ಹೋಗುವುದಾಗಿ ಹೇಳಿದ್ದರು. ಮಾರ್ತಾಸ್ ವಿನ್ಯಾರ್ಡ್ ದ್ವೀಪದ ಹತ್ತಿರ ವಿಮಾನ ಬಲಕ್ಕೆ ವಾಲಿ, ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಇಳಿದು ಸಮುದ್ರಕ್ಕೆ ಬಿತ್ತು. ಮೂವರೂ ಉಳಿಯಲಿಲ್ಲ. ವಿಮಾನದಲ್ಲಿ ದೋಷವೇನೂ ಸಿಗಲಿಲ್ಲ. ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತ್ತು ಎಂದು ತನಿಖೆ ಹೇಳಿತು.

ಹೇಗೆ ತಪ್ಪುತ್ತದೆ ಎಂಬುದನ್ನು ನೀನು ಪಾಠದಲ್ಲಿ ಓದಿದ್ದೀಯ. ಆದರೂ ಇನ್ನೊಮ್ಮೆ ನಿಧಾನವಾಗಿ ಯೋಚಿಸು. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸಮತೋಲನ ತಿಳಿಸುವ ಒಳಗಿವಿಯ ದ್ರವ ಸ್ವಲ್ಪ ಹೊತ್ತಿನಲ್ಲೇ ಆ ತಿರುವಿಗೆ ಹೊಂದಿಕೊಂಡುಬಿಡುತ್ತದೆ. ನೇರವಾಗಿ ಹೋಗುತ್ತಿದ್ದೇನೆ ಎಂದೇ ಅನಿಸುತ್ತದೆ. ರೆಕ್ಕೆಗಳನ್ನು ಸಮ ಮಾಡಿದರೆ ಎದುರು ದಿಕ್ಕಿಗೆ ವಾಲಿದಂತಾಗಿ, ಕೈ ತಾನಾಗಿ ಮತ್ತೆ ಹಳೆಯ ತಿರುವಿಗೇ ಎಳೆಯುತ್ತದೆ. ಎತ್ತರ ಕಡಿಮೆಯಾಗುತ್ತಿದೆ ಎಂದು ಗಾಬರಿಯಿಂದ ಸ್ಟಿಕ್ ಹಿಂದಕ್ಕೆಳೆದರೆ ವಿಮಾನ ಸುತ್ತುತ್ತ ಇಳಿಯುವ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ದಿಗಂತ ಕಾಣಿಸುತ್ತಿದ್ದರೆ ಒಂದು ನೋಟಕ್ಕೆ ಸರಿಹೋಗುವ ತಪ್ಪು ಇದು. ಕಾಣದಿದ್ದಾಗ ಪ್ರಾಣ ತೆಗೆಯುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿ ಪೈಲಟ್‌ಗಳನ್ನು ಹೊರಗಿನ ನೋಟ ಮರೆಮಾಡಿ ಪರೀಕ್ಷಿಸಿದರು. ಇಪ್ಪತ್ತೂ ಜನರ ಹಿಡಿತ ತಪ್ಪಿತು, ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಅಲ್ಲ, ಮಗಳೇ.

ರೇಟಿಂಗ್ ಮುಗಿಸಿದ ಮೇಲೆ ಭಯವಿಲ್ಲ ಎಂದುಕೊಳ್ಳಬೇಡ. 2020ರ ಜನವರಿಯಲ್ಲಿ ಮೋಡದೊಳಗೆ ಸಿಕ್ಕಿ ಬಿದ್ದು, ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಜನ ಸತ್ತ ಹೆಲಿಕಾಪ್ಟರಿನ ಪೈಲಟ್‌ಗೆ ಆ ಅರ್ಹತೆಯೂ ಇತ್ತು, ಸಾವಿರಾರು ಗಂಟೆಗಳ ಅನುಭವವೂ ಇತ್ತು. ಕರೆದುಕೊಂಡು ಹೋಗಲೇಬೇಕೆಂಬ ಒತ್ತಡವನ್ನು ಅವರು ತಾವೇ ಮೈಮೇಲೆ ಹಾಕಿಕೊಂಡಿರಬೇಕು ಎಂದಿತು ತನಿಖೆ. ನನಗೆ ಮೋಡಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಈ ಒತ್ತಡವೇ. ಹಿಂದಿನ ಸೀಟಿನವರು ಬಾಯಿಬಿಟ್ಟು ಏನೂ ಕೇಳಬೇಕಿಲ್ಲ. ಅವರು ಸಿಂಗರಿಸಿಕೊಂಡು ಕುಳಿತಿದ್ದರೆ ಸಾಕು, ಆಗುವುದಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ನಿನ್ನದಂತೂ ಯಾರ ಮನಸ್ಸನ್ನೂ ನೋಯಿಸದ ಸ್ವಭಾವ.

ಆದ್ದರಿಂದ ಹೊರಡುವ ಮೊದಲೇ, ನೆಲದ ಮೇಲಿರುವಾಗಲೇ ಎಲ್ಲರಿಗೂ ಹೇಳಿಬಿಡು: ಅರ್ಧ ದಾರಿಯಲ್ಲಿ ವಾಪಸ್ ಬಂದರೂ ಬರಬಹುದು, ಬೇರೆಲ್ಲೋ ಇಳಿದರೂ ಇಳಿಯಬಹುದು. ಮದುವೆಯೋ ಹಬ್ಬವೋ ತಪ್ಪಿದರೆ ತಪ್ಪಲಿ. ಬೈಗುಳ ಬಂದರೆ ನನ್ನ ಹೆಸರು ಹೇಳು, ಅಪ್ಪ ಬಿಡಲಿಲ್ಲ ಎನ್ನು. ಯಾವ ಊರಿನ ರನ್‌ವೇಯಲ್ಲಿ ಇಳಿದರೂ, ಎಷ್ಟು ರಾತ್ರಿಯಾಗಿದ್ದರೂ ಫೋನ್ ಮಾಡು. ಕಾರು ತೆಗೆದುಕೊಂಡು ನಾನೇ ಬಂದು ನಿಮ್ಮೆಲ್ಲರನ್ನೂ ಕರೆದುಕೊಂಡು ಬರುತ್ತೇನೆ.

ನಿನ್ನ ಅಪ್ಪ